ಅಪ್ಪನ ಬ್ಯಾಟಿನ ಬೆನ್ನು

ಅಪ್ಪ ಟೇಬಲ್ ಟೆನಿಸ್ ಬ್ಯಾಟನ್ನು ಪೆನ್ನಿನಂತೆ ಹಿಡಿಯುತ್ತಾರೆ. ಕನಕಪುರದ ಹಾಸ್ಟೆಲಿನಲ್ಲಿ ಓದುವಾಗ ಕಲಿತದ್ದು. ಅವರ ಬ್ಯಾಟಿನ ಒಂದು ಬದಿಗೆ ಮಾತ್ರ ರಬ್ಬರು. ಹಿಂದೆ ಬೆರಳು ಆನಿಸಲು ಬರೀ ಮರ. ಹಾಗಾಗಿ ಎಡಕ್ಕೆ ಬಿದ್ದ ಚೆಂಡನ್ನೂ ಅತ್ತ ಓಡಿಹೋಗಿ ಮುಂಬದಿಯಿಂದಲೇ ಬಾರಿಸಬೇಕು. ಮರಳವಾಡಿಯಲ್ಲಿ ರೇಷ್ಮೆಹುಳು ಸಾಕುವ ನಮ್ಮ ಹುಳುಮನೆಯಲ್ಲಿ ಬೆಳೆ ಇಲ್ಲದ ದಿನಗಳಲ್ಲಿ ಮೇಜು ಹಾಕಿ ಇಬ್ಬರೂ ಆಡುತ್ತೇವೆ. ಹುಳುಗಳನ್ನು ಕಾಡುವ ನೊಣ ಬಾರದಂತೆ ಕಿಟಕಿಗಳಿಗೆ ಬಲೆ ಹೊಡೆದಿರುವುದರಿಂದ ಚೆಂಡು ತೋಟಕ್ಕೆ ಹಾರುವ ಭಯವಿಲ್ಲ.

ಕಳೆದ ವರ್ಷ ಅಪ್ಪನ ಮಂಡಿ ಕೈಕೊಟ್ಟಿತು. "ಓಡಕ್ಕಾಯ್ತಿಲ್ಲ ಕಣವ್ವ, ಆಟ ಬುಟ್ಬುಡ್ತೀನಿ" ಎಂದರು. ನನಗೆ ಬಹಳ ಸಂಕಟವಾಯಿತು. ಹೇಗೋ ಆಡಲು ಒಪ್ಪಿಸಿ, ಅಂದಿನಿಂದ ಚೆಂಡನ್ನು ಅವರ ಬಲಕ್ಕೇ ಹಾಕತೊಡಗಿದೆ. ಅವರಿಗೆ ಗೊತ್ತಾಗಿಲ್ಲ ಅಂದುಕೊಂಡಿದ್ದೆ.

ಒಮ್ಮೆ ಮೊಬೈಲಿನಲ್ಲಿ ನೋಡುತ್ತೇನೆ, ಅದೇ ಹಿಡಿತದವನೊಬ್ಬ ನಿಂತಲ್ಲೇ ಮಣಿಕಟ್ಟು ತಿರುಗಿಸಿ ಬ್ಯಾಟಿನ ಹಿಂಬದಿಯಿಂದ ಹೊಡೆಯುತ್ತಿದ್ದಾನೆ. ಅಲ್ಲೂ ರಬ್ಬರು! ಹಾಗಾದರೆ ಬೆರಳು ಎಲ್ಲಿಡುತ್ತಾನೆ? ಬ್ಯಾಟು ಕೈಗೆ ಭಾರವಾಗುವುದಿಲ್ಲವೇ? ತಲೆಗೆ ಹುಳ ಹೊಕ್ಕಿತು. ಅಪ್ಪನನ್ನು ಕೇಳದೆ ಬ್ಯಾಟು ಎತ್ತಿಕೊಂಡು ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಅವರ ಹಾಸ್ಟೆಲ್ ಗೆಳೆಯನ ಬಳಿ ಹೋದೆ. ಅವರು ಹಿಡಿಯ ಬುಡ ತೇಯ್ದು ಬೆರಳಿಗೆ ಜಾಗ ಮಾಡಿದರು. ಜೊತೆಗೆ, ನಾನು ಕೇಳದಿದ್ದರೂ, ಹಿಂಬದಿಗೆ ಕೆಂಪು ಅರಗು ಹಚ್ಚಿ ಕನ್ನಡಿಯಂತೆ ಹೊಳೆಯಿಸಿದರು.

"ಬೋಳು ಮರ ಯಂಗವ್ವ ಕಳ್ಸದು?" ಎಂದರು.

ಅದರ ಮೇಲೆ ರಬ್ಬರು ಅಂಟಿಸಿ ಅಪ್ಪನ ಕೈಗೆ ಕೊಟ್ಟೆ. ಅಪ್ಪ ಅನುಮಾನದಿಂದಲೇ ಮಣಿಕಟ್ಟು ತಿರುಗಿಸಿದರು. ಮೊದಲ ಏಟಿಗೇ ರಬ್ಬರು ಕಿತ್ತುಬಂದು ನೆಟ್ಟಿನ ಮೇಲೆ ಜೋತುಬಿತ್ತು. ಅರಗಿನ ನುಣುಪಿಗೆ ಅಂಟು ಹಿಡಿದಿರಲೇ ಇಲ್ಲ.

ಬಹಳ ದಿನಗಳ ಮೇಲೆ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಚನ್ನಪಟ್ಣದೋನ ಕೈಗೆ ಮರ ಕೊಟ್ರೆ ಇನ್ನೇನಾಯ್ತದೆ!" ಎಂದು ತಾವೇ ಕೂತು ಉಪ್ಪುಕಾಗದದಿಂದ ಅರಗನ್ನೆಲ್ಲ ಉಜ್ಜಿ ತೆಗೆದರು. ಈ ಸಲ ರಬ್ಬರು ಗಟ್ಟಿಯಾಗಿ ಕೂತಿತು.

ಆದರೂ ವಾರವಿಡೀ ಅಪ್ಪ ನಾನು ಬಲಕ್ಕೆ ಹಾಕಿದ್ದನ್ನೇ ಹಿಂಬದಿಯಿಂದ ಹೊಡೆಯಲು ನೋಡಿ, ಚೆಂಡು ಎಲ್ಲೆಲ್ಲಿಗೋ ಹೋಗುತ್ತಿತ್ತು. ಒಂದು ಸಂಜೆ ನನ್ನ ಕೈ ತಪ್ಪಿ ಚೆಂಡು ಅವರ ಎಡಮೂಲೆಗೆ ಹೋಯಿತು. ಅಯ್ಯೋ ಅನ್ನುವಷ್ಟರಲ್ಲಿ ಟಕ್ ಎಂದಿತು. ಚೆಂಡು ನನ್ನ ಪಕ್ಕದಿಂದ ಹಾದು ಕಿಟಕಿಯ ಬಲೆಗೆ ಬಡಿಯಿತು. ಅಪ್ಪ ನಿಂತ ಜಾಗ ಬಿಟ್ಟು ಕದಲಿರಲಿಲ್ಲ. ಬ್ಯಾಟು ತಿರುಗಿಸಿ ಅದರ ಬೆನ್ನನ್ನೇ ನೋಡಿದರು. ನನಗೆ ಕುಣಿಯುವಷ್ಟು ಖುಷಿ.

ಚೆಂಡು ಎತ್ತಿಕೊಂಡು ಬಂದು, ಅವರ ಬಲಕ್ಕೆ ಹಾಕಲು ಕೈ ಎತ್ತಿದೆ.

"ಒಂದು ವರ್ಸದಿಂದ ಬಲಕ್ಕೇ ಹಾಕ್ತಾ ಇದ್ದೀಯ," ಎಂದರು ಅಪ್ಪ. "ಇನ್ಮೇಲೆ ಎಡಕ್ಕೂ ಹಾಕವ್ವ."