ಇಳಿಸದೆ ಬಿಟ್ಟ ಸೆಕೆಂಡುಗಳು

ಬೆಳಕಿನ ಮುಂದೆ ನಿಂತು ಮನುಷ್ಯ ಸುಳ್ಳು ಹೇಳಲಾರ. ನಾನು ಹೇಳಿದೆ — ಬೆಳಕಿನ ಪೆಟ್ಟಿಗೆಗೇ ಒರಗಿಕೊಂಡು.

ಚಿಕ್ಕಬಳ್ಳಾಪುರದ ಒಂದು ಚರ್ಮದ ಆಸ್ಪತ್ರೆಯಲ್ಲಿ ಆ ಪೆಟ್ಟಿಗೆಗೆ ನಾನೇ ಅಧಿಪತಿಯಾಗಿದ್ದೆ. ಬೀರುವಿನಷ್ಟು ಎತ್ತರ, ಒಳಗೆಲ್ಲ ಟ್ಯೂಬ್‌ಲೈಟು. ತೊನ್ನು ಇದ್ದವರಿಗೆ ಕಪ್ಪು ಕನ್ನಡಕ ಹಾಕಿಸಿ ನಿಲ್ಲಿಸುವುದು, ಬೆಳಕು ಎಷ್ಟು ಸೆಕೆಂಡು ಎಂದು ಗುಂಡಿ ಒತ್ತುವುದು — ಸಾಮ್ರಾಜ್ಯ ಇಷ್ಟೇ. ಸಲಸಲಕ್ಕೂ ಕೆಲವು ಸೆಕೆಂಡು ಏರಿಸಬೇಕು. ನಡುವೆ ಬಾರದೆ ಹೋದವರಿಗೆ ಇಳಿಸಬೇಕು. ಇಲ್ಲದಿದ್ದರೆ ಚರ್ಮ ಸುಡುತ್ತದೆ.

ಮೇಲೂರಿನ ಜಯಮ್ಮನವರ ಎರಡೂ ಕೈ ಮಣಿಕಟ್ಟಿನವರೆಗೆ ಬಿಳಿಯಾಗಿದ್ದವು. ನಾಲ್ಕು ತಿಂಗಳು ಬಂದು ನಿಂತ ಮೇಲೆ ಒಂದು ದಿನ ಕೈ ಚಾಚಿ, "ನೋಡಣ್ಣ, ಎಳ್ಳು ಚೆಲ್ದಂಗೆ ಬಣ್ಣ ಬಂದೈತೆ" ಎಂದರು.

ಆಮೇಲೆ ಹದಿನೈದು ದಿನ ಬರಲಿಲ್ಲ. ರೇಷ್ಮೆಹುಳು ಹಿಪ್ಪುನೇರಳೆ ಸೊಪ್ಪು ತಿಂದು ಗೂಡು ಕಟ್ಟುವ ಹೊತ್ತು, ಮನೆ ಬಿಡುವಂತಿಲ್ಲ. ನಮ್ಮ ಮನೆಯಲ್ಲೂ ಹುಳು ಸಾಕುತ್ತಾರೆ. ಹಾಗಾಗಿ ಬಂದ ದಿನ, ತಾರೀಖು ಸೆಕೆಂಡು ಬರೆದ ಚೀಟಿ ನೋಡುವ ಮೊದಲೇ ಗೂಡಿನ ಸಮಾಚಾರ ಕೇಳಿದೆ. ಸೊಪ್ಪೆಲ್ಲ ಯಜಮಾನರೇ ಕುಯ್ದರಂತೆ, ತಾವು ಹುಳದ ಮನೆಯಿಂದ ಈಚೆಗೇ ಬರಲಿಲ್ಲವಂತೆ. ಮಾತಿನ ಭರದಲ್ಲಿ ಇಳಿಸುವುದು ಮರೆತು, ಇನ್ನಷ್ಟು ಏರಿಸಿಯೇ ಒತ್ತಿದೆ.

ಮಾರನೆಯ ದಿನ ಜಯಮ್ಮನವರ ಕೈತುಂಬ ಬೊಬ್ಬೆ. ಡಾಕ್ಟರು ನನ್ನ ಮುಖ ನೋಡಿದರು. ಕೆಲಸ ಹೋಗುತ್ತದೆ — ಹೊಳೆದದ್ದು ಅದೊಂದೇ.

"ಬಿಸಿಲಲ್ಲಿ ಸೊಪ್ಪು ಕುಯ್ದಿರ್ಬೇಕು ಮೇಡಂ."

ಬೈಸಿಕೊಂಡವರು ಜಯಮ್ಮ. "ನಿನ್ನೆ ನಿಮ್ಗೇ ಹೇಳಿದ್ನಲ್ಲಣ್ಣ..." ಎಂದು ನನ್ನ ಕಡೆ ತಿರುಗಿದರು. ನಾನು ಬಹು ಗಾಂಭೀರ್ಯದಿಂದ ಕಪ್ಪು ಕನ್ನಡಕ ಒರೆಸುತ್ತಿದ್ದೆ. ಚೀಟಿಯ ಮೇಲೆ ‘ಬಿಸಿಲು’ ಎಂದು ದುಂಡಗೆ ಬರೆದವನೂ ನಾನೇ.

ಅವರು ಮತ್ತೆ ಬರಲಿಲ್ಲ. ಅಂದಿನಿಂದ ಯಾರ ಚೀಟಿಯನ್ನಾದರೂ ಮೂರು ಸಲ ನೋಡದೆ ಗುಂಡಿ ಒತ್ತುತ್ತಿರಲಿಲ್ಲ. ಮೇಲೂರಿನವರು ಬರುವ ಶಿಡ್ಲಘಟ್ಟದ ಬಸ್ಸಿನ ಹೊತ್ತಿಗೆ ಕಣ್ಣು ಬಾಗಿಲಿಗೆ — ಬಂದರೆ ಏನು ಹೇಳಲಿ, ಬಾರದಿದ್ದರೆ... ನಿವೃತ್ತನಾದರೂ ಆ ಬಸ್ಸಿನ ಹೊತ್ತು ಮರೆತಿಲ್ಲ.

ಹೋದ ವಾರ ಡಾಕ್ಟರಿಗೆ ಎಲ್ಲ ಬರೆದುಕೊಟ್ಟು, ಅದೇ ಬಸ್ಸು ಹತ್ತಿ ಮೇಲೂರಿಗೆ ಹೋದೆ. ಜಯಮ್ಮನವರು ಪೂರ್ತಿ ಕೇಳಿದರು.

"ಬಿಸಿಲಿಗೆ ಹೋಗ್ದೇನೇ ಸುಟ್ಟಿತ್ತಲ್ಲ, ಬೆಳಕೇ ಒಗ್ಗಲ್ಲ ಅಂದ್ಕೊಂಡ್ ಬಿಟ್ಬಿಟ್ಟೆ. ಹಂಗಾದ್ರೆ ಆ ಬೆಳಕು ನನ್ ಮೈಗೆ ಒಗ್ತಿತ್ತು."

ಒಗ್ಗುತ್ತಿತ್ತು ಎಂದೆ.

ಅವರ ಎರಡೂ ಕೈ ಈಗ ಮೊಣಕೈವರೆಗೆ ಬಿಳಿಯಾಗಿವೆ.