ಅವ್ವನಿಗೆ ಓದಿ ಹೇಳಿದ್ದು

ಡಬ್ಲಿನ್ನಿನ ಮನೆಯಿಂದ ಮಿಲ್ಪಿಟಾಸಿನ ಆಫೀಸಿಗೆ ಹನ್ನೊಂದು ವರ್ಷ ಒಂದೇ ಫ್ರೀವೇಯಲ್ಲಿ, ಸಿಕ್ಸ್ ಏಟಿಯಲ್ಲಿ, ಹೋಗಿಬಂದಿದ್ದೇನೆ. ಅಷ್ಟು ವರ್ಷವೂ ದೇಶ ದಾಟಲು ಹೆದರಿಕೆ. ಮರಳಿ ಬರಲು ಬೇಕಾದ ವೀಸಾ ಮುದ್ರೆಗಾಗಿ ಎಲ್ಲಿ ಹೊರಗೇ ಸಿಕ್ಕಿಬೀಳುತ್ತೇವೋ ಎಂದು. ಗ್ರೀನ್ ಕಾರ್ಡು ಬಂದ ಕೂಡಲೇ ಹಟ ಹಿಡಿದೆ: ಆಸ್ಟ್ರಿಯಾದ ಬೆಟ್ಟಗಳಲ್ಲಿ ಒಂದು ವಾರ ಕಾರು ಓಡಿಸಬೇಕು, ಆ ಊರಿನ ಊಟ ಆ ಊರಲ್ಲೇ ಉಣ್ಣಬೇಕು. ಗಂಡನಿಗೆ ರಜೆ ಸಿಗಲಿಲ್ಲ. ಗದಗಿನಿಂದ ಬಂದಿದ್ದ ಅವ್ವ, ಹದಿಮೂರರ ಮಗಳು ಮತ್ತು ನಾನು ಹೊರಟೆವು.

ಊಟದ ಮಾತು ಮೊದಲ ದಿನವೇ ಮುಗಿಯಿತು. ಮಾಂಸ ಬೇಯಿಸುವ ಕಡೆ ಅವ್ವ ನೀರೂ ಮುಟ್ಟುವುದಿಲ್ಲ. "ನೀವು ಉಂಡು ಬರ್ರಿ. ನಾ ಕಾರಿನ್ಯಾಗ ಕುಂದರ್ತೀನಿ" ಎಂದಳು. ಅವಳನ್ನು ಕಾರಿನಲ್ಲಿ ಕೂಡಿಸಿ ನಾವು ಉಣ್ಣುವುದು ಹೇಗೆ? ಐದು ದಿನ ಮೂವರೂ ಕಾರಿನಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಹೊರಗೆ ಹಿಮದ ಶಿಖರ, ಒಳಗೆ ಮಂಜುಗಟ್ಟಿದ ಗಾಜು, ಸೀಟಿನ ತುಂಬ ರೊಟ್ಟಿಯ ಚೂರು. ತಿರುವಿನ ಮೇಲೆ ತಿರುವು ಬರುವಾಗ ನನಗೆ ಕಂಡದ್ದು ರಸ್ತೆಯ ಬಿಳಿ ಗೆರೆ ಮಾತ್ರ.

"ಇಟ್ಸ್ ಜಸ್ಟ್ ಸಿಕ್ಸ್ ಏಟಿ ವಿತ್ ಕೌಸ್, ಮಾಮ್" ಎಂದಳು ಮಗಳು.

ಆರನೆಯ ದಿನ ಬೆಟ್ಟದ ನೆತ್ತಿಯಲ್ಲಿ ಒಂದು ಕೊಟ್ಟಿಗೆ. ಮುದುಕಿಯೊಬ್ಬಳು ತಾನೇ ಮಾಡಿದ ಚೀಸು ಮಾರುತ್ತಿದ್ದಳು. ಬೇರೆ ಅಡುಗೆಯಿಲ್ಲ, ಮಾಂಸವಿಲ್ಲ. ಅವ್ವ ತಾನಾಗಿಯೇ ಇಳಿದು ಹಸುವಿನ ಗಂಗೆದೊಗಲು ಸವರಿದಳು. ಮುದುಕಿ ಒಂದು ತುಂಡು ಕೊಯ್ದು ಚಾಚಿದಾಗ ಅಂಗೈಯೊಡ್ಡಿ ತೆಗೆದುಕೊಂಡಳು. ನನ್ನ ಕಡೆ ತಿರುಗಿ, "ಓದಿ ಹೇಳವಾ" ಎಂದಳು.

ಅವ್ವನಿಗೆ ಓದು ಬರುವುದಿಲ್ಲ. ಖಾನಾವಳಿಗೆ ರೊಟ್ಟಿ ಬಡಿದುಕೊಟ್ಟು ನನ್ನನ್ನು ಓದಿಸಿದಳು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗಳು ನಾನು. ಗ್ರೋಸರಿ ಅಂಗಡಿಯಲ್ಲಿ ಪ್ರತಿ ಪೊಟ್ಟಣವನ್ನೂ ನನ್ನ ಮುಂದೆ ಹಿಡಿಯುತ್ತಿದ್ದಳು. ನಾನು ಓದಿ ಹೇಳಿದರೆ ತಿನ್ನುತ್ತಿದ್ದಳು. ಎರಡನೆಯ ಪ್ರಶ್ನೆಯಿರಲಿಲ್ಲ.

ಚೀಸಿಗೆ ಏನೇನು ಹಾಕಿದೆಯೆಂದು ಅಲ್ಲಿನ ಭಾಷೆಯಲ್ಲಿ ಬರೆದಿದ್ದ ಗೋಡೆಯ ಫಲಕಕ್ಕೆ, ಅನುವಾದಕ್ಕೆಂದು ಫೋನು ಹಿಡಿದೆ. ಹಾಲು, ಉಪ್ಪು, ಹಾಲು ಗಟ್ಟಿಯಾಗಿಸಲು ಕರುವಿನ ಜಠರದ ರಸ.

ಇಣುಕಿ ನೋಡಿದ ಮಗಳು ಪಿಸುಗುಟ್ಟಿದಳು: "ಡೋಂಟ್ ಟೆಲ್ ಹರ್. ಶೀ ಈಸ್ ಫೈನಲೀ ಈಟಿಂಗ್."

ಹೇಳದಿದ್ದರೆ ಮೂವರೂ ಒಟ್ಟಿಗೆ ತಿನ್ನಬಹುದಿತ್ತು. ಹೇಳಿದರೆ ಇದೊಂದರಲ್ಲೇ ಮುಗಿಯುವಂತಿರಲಿಲ್ಲ. ಪ್ರತಿ ಶುಕ್ರವಾರ ಮನೆಯಲ್ಲಿ ಮಾಡುವ ಪಿಜ್ಜಾದ ಮೇಲೆ ಅವ್ವ ಚಟ್ನಿಪುಡಿ ಉದುರಿಸಿಕೊಂಡು ಎರಡು ತುಂಡು ತಿನ್ನುತ್ತಿದ್ದಳು. ಆ ಚೀಸಿನ ಪೊಟ್ಟಣದಲ್ಲಿ 'ಎನ್‌ಜೈಮ್ಸ್' ಎಂದು ಇದ್ದ ಕಡೆ, ಅದೂ ಇಂಥದೇ ರಸವಿರಬಹುದೆಂದು, ನಾನು ಹಾರಿಸಿ ಓದಿದ್ದೆ.

"ಅವ್ವಾ, ಇದರಾಗ ಕರುವಿನ ಹೊಟ್ಟಿ ಒಳಗಿಂದು ಹಾಕ್ತಾರ."

ಅವಳು ಅಂಗೈ ನೋಡಿಕೊಂಡಳು. "ಮತ್ತ ಶುಕ್ರವಾರದ್ದು?"

"ಅದರಾಗೂ ಇರಬಹುದು. ನಾ ವಿಚಾರಿಸಲಿಲ್ಲ."

"ಗೊತ್ತಿತ್ತೇನು?"

"ಅನುಮಾನ ಇತ್ತು."

ತುಂಡನ್ನು ಮೊಮ್ಮಗಳ ಕೈಗಿಟ್ಟು, ಹಸುಗಳ ತೊಟ್ಟಿಯಲ್ಲಿ ಕೈ ತೊಳೆದು ಕಾರಿನೊಳಗೆ ಕೂತಳು. ಮುದುಕಿ ನನಗೂ ಕೊಯ್ದುಕೊಟ್ಟ ತುಂಡನ್ನು ನಿಂತೇ ತಿಂದೆ. ಉಪ್ಪುಪ್ಪಾಗಿತ್ತು.

ಇಳಿಜಾರಿನ ತಿರುವುಗಳೆಲ್ಲ ಮುಗಿದವು. ಕನ್ನಡಿಯಲ್ಲಿ ನೋಡಲು ಧೈರ್ಯವಾಗಲಿಲ್ಲ. ಹಿಂದಿನ ಸೀಟಿನಿಂದ ಅವ್ವ ಹೇಳಿದಳು: "ನಿನಗ ಬೇಕಾದ್ದಷ್ಟ ಓದಿ ಹೇಳಲಿ ಅಂತ ನಾ ನಿನ್ನ ಓದಿಸಲಿಲ್ಲ."

ವಾಪಸು ಬಂದ ಮೇಲೆ ಮಿಲ್ಪಿಟಾಸಿನ ಅಂಗಡಿಯಲ್ಲಿ ಅವ್ವ ಪೊಟ್ಟಣಗಳನ್ನು ಮೊಮ್ಮಗಳ ಮುಂದೆ ಹಿಡಿಯುತ್ತಾಳೆ. ಅವಳು ತನ್ನ ಮುರುಕು ಕನ್ನಡದಲ್ಲಿ ಒಂದಕ್ಷರ ಬಿಡದೆ ಓದುತ್ತಾಳೆ. ಆ ದಿನ ಬೆಟ್ಟದ ಮೇಲೆ ಹೇಳಬೇಡ ಎಂದವಳು ಇವಳೇ ಎಂಬುದು ಅವ್ವನಿಗೆ ಗೊತ್ತಿಲ್ಲ. ನಾನು ಗಾಡಿ ಹಿಡಿದು, ಇಬ್ಬರೂ ಮುಂದೆ ನಡೆಯುವ ತನಕ ಅಲ್ಲೇ ನಿಂತಿರುತ್ತೇನೆ.