ಗಿರಣಿ ಒಲ್ಲೆನೆಂದ ಕಾಳು

ಔರಾದ ತಾಲೂಕಿನ ಚಿಂತಾಕಿಯಲ್ಲಿ ದಿನಕ್ಕೆ ಎರಡು ಸಲ ಬೆಳಗಾಗುತ್ತದೆ. ಮೊದಲು ಚಾವಡಿ ಪಕ್ಕದ ಬೇವಿನ ಕಟ್ಟೆಯಿಂದ ಬೀಸುಕಲ್ಲಿನ ಗರಗರ ಕೇಳುತ್ತದೆ. ಬಿಸಿಲು ಮಾಳಿಗೆಗೆ ಬಂದಮೇಲೆ ಮಚ್ಛೇಂದ್ರನ ಹಿಟ್ಟಿನ ಗಿರಣಿ ಟುಕುಟುಕು ಶುರು ಮಾಡುತ್ತದೆ. ಈ ಎರಡರ ನಡುವಿನ ಹೊತ್ತು ಗ್ರಾಮಸೇವಿಕೆ ಶೇವಂತಾಬಾಯಿಯವರದು.

ಇನ್ನೂ ಮುಖ ಸರಿಯಾಗಿ ಕಾಣದ ಮಬ್ಬು. ಕಾರ್ತಿಕದ ಚಳಿ. ಬೇವಿನ ಕೆಳಗೆ ನಾಲ್ಕು ಬೀಸುಕಲ್ಲು, ಒಂದೊಂದಕ್ಕೂ ಇಬ್ಬಿಬ್ಬರು ಮುದುಕಿಯರು, ಎದುರುಬದುರು ಕೂತು ಒಂದೇ ಗೂಟ ಹಿಡಿದಿದ್ದಾರೆ. ಒಬ್ಬರು ಎಳೆದರೆ ಇನ್ನೊಬ್ಬರು ನೂಕುತ್ತಾರೆ. ಹುರಿಗಡಲೆಯ ಬಿಸಿ ವಾಸನೆ ಕಟ್ಟೆಯ ಸುತ್ತ ಹಬ್ಬಿದೆ. ಸೆರಗು ಸೊಂಟಕ್ಕೆ ಬಿಗಿದ ಶೇವಂತಾಬಾಯಿ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಓಡಾಡುತ್ತ, ಒಬ್ಬರ ಬೆನ್ನು ನೆಟ್ಟಗೆ ಮಾಡಿಸುತ್ತ, ಇನ್ನೊಬ್ಬರ ಕಾಲು ಬದಲಿಸಿ ಕೂಡಿಸುತ್ತ ಬರುತ್ತಾರೆ. ಮರದ ಹತ್ತಿರದ ಕಲ್ಲಿನ ಬಳಿ ಬಂದು ನಿಲ್ಲುತ್ತಾರೆ. ಅಲ್ಲಿ ಕೂತವರು ಶಾಲುಬಾಯಿ, ಗಿರಣಿಯ ಮಚ್ಛೇಂದ್ರನ ತಾಯಿ.

"ಆಯಿ, ಎಳಿಯೋದು ಎಡಗೈ ಎಳೀಲಿ. ಬಲಗೈ ಸುಮ್ಮ ಗೂಟದ ಮ್ಯಾಲ ಕೂತು ತಿರಗಲಿ, ಬೀಗರು ಬಂದಂಗ."

"ಬೀಗರು ಬಂದ್ರ ನಾಕು ದಿನಕ್ಕ ಹೋಗ್ತಾರ," ಎನ್ನುತ್ತಾರೆ ಶಾಲುಬಾಯಿ. "ಈ ಭುಜದ ನೋವು ಬಂದು ಅಲ್ಲೇ ಸಂಸಾರ ಹೂಡ್ಯಾದ."

ಎದುರಿಗೆ ಅದೇ ಗೂಟ ಹಿಡಿದ ಮರಿಯಮಬೀ ಬೊಚ್ಚು ಬಾಯಿ ತೆರೆದು ನಗುತ್ತಾರೆ. ಶಾಲುಬಾಯಿ ನಗುವುದಿಲ್ಲ. ಎತ್ತಿದರೆ ಅವರ ಬಲಗೈ ಕಿವಿಯ ತನಕ ಏರುತ್ತದೆ, ಅಲ್ಲಿಗೆ ನಿಲ್ಲುತ್ತದೆ. ತುರುಬು ಕಿವಿಗಿಂತ ಒಂದು ಗೇಣು ಹಿಂದೆ ಇರುತ್ತದೆ. ಆ ಒಂದು ಗೇಣಿಗಾಗಿಯೇ ಅವರು ದಿನಾ ಈ ಕಟ್ಟೆಗೆ ಬರುವುದು.

ಶೇವಂತಾಬಾಯಿ ಹುಟ್ಟಿದ್ದು ಭಾಲ್ಕಿಯಲ್ಲಿ. ಓದಿದ್ದು ಮರಾಠಿ, ಸ್ವಲ್ಪ ಉರ್ದು. ಬೀದರು ಮೈಸೂರು ರಾಜ್ಯಕ್ಕೆ ಸೇರಿ ಕಚೇರಿಯ ಕಾಗದಗಳು ಕನ್ನಡದಲ್ಲಿ ಬರತೊಡಗಿದ ಮೇಲೆ, ಗಂಡ ಏಕನಾಥರ ಜೊತೆ ದೀಪದ ಮುಂದೆ ಕೂತು ಅಕ್ಷರ ಕಲಿತರು. ಏಕನಾಥರು ದರ್ಜಿ. ಹೆಂಡತಿಗೆ ಔರಾದದ ವಿಕಾಸ ಬ್ಲಾಕಿನಲ್ಲಿ ಕೆಲಸ ಸಿಕ್ಕಾಗ ಹೊಲಿಗೆ ಮಷೀನನ್ನು ಬಂಡಿಯಲ್ಲಿ ಹೇರಿಕೊಂಡು ಹಿಂದೆಯೇ ಬಂದವರು. "ನಾ ಅರಿವಿ ಹೊಲಿತೇನಿ, ಈಕಿ ಮುದುಕೇರ ಕೀಲು ಹೊಲಿತಾಳ," ಎಂದು ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಾರೆ. ಅದರಲ್ಲಿ ಚೇಷ್ಟೆ ಎಷ್ಟೋ ಹೆಮ್ಮೆಯೂ ಅಷ್ಟೇ.

ಭಾಲ್ಕಿಯ ಅವರ ತವರಿನವರು ಎರಡು ವರ್ಷದ ಹಿಂದೆ ಬುದ್ಧನ ದಾರಿ ಹಿಡಿದರು. ಚಿಂತಾಕಿಗೆ ಬಂದ ಹೊಸದರಲ್ಲಿ ಎಷ್ಟೋ ಮನೆಯವರು ಶೇವಂತಾಬಾಯಿಯವರನ್ನು ಜಾತಿ ನೋಡಿ ಅಂಗಳದಿಂದಲೇ ಮಾತಾಡಿಸಿ ಕಳಿಸುತ್ತಿದ್ದರು. ಯಾರ ಮನೆಯೂ ಅಲ್ಲದ ಬೇವಿನ ಕಟ್ಟೆಯನ್ನು ಅವರು ಹುಡುಕಿಕೊಂಡದ್ದು ಆಗಲೇ. ಅದನ್ನು ಕೇಳಿದರೆ ಕಹಿಯಿಲ್ಲದೆ ಹೇಳುತ್ತಾರೆ: "ಅಂಗಳದಾಗ ನಿಂತ್ರ ಎಲ್ಲಾ ಮನಿ ಕಾಣ್ತಾವ್ರಿ. ಒಳಗ ಹೋದ್ರ ಒಂದೇ ಮನಿ ಕಾಣ್ತದ."

ಅಂಗಳದಲ್ಲಿ ನಿಂತು ಅವರು ಕಂಡದ್ದು ಮುದುಕಿಯರನ್ನು. ತರಬೇತಿಯಲ್ಲಿ ಬಾಣಂತಿಯರ ಬಗ್ಗೆ, ಕೂಸುಗಳ ಬಗ್ಗೆ ಹೇಳಿಕೊಟ್ಟಿದ್ದರು. ಮುದುಕಿಯರ ಬಗ್ಗೆ ಯಾರೂ ಮಾತೆತ್ತಿರಲಿಲ್ಲ. ಇಲ್ಲಿ ನೋಡಿದರೆ ಪ್ರತಿ ಮನೆಯ ಮೂಲೆಯಲ್ಲೂ ಒಬ್ಬ ಮುದುಕಿ ಗೋಡೆಗೆ ಒರಗಿ ಕೂತಿದ್ದಾಳೆ, ಸಕ್ಕರೆ ಸುರಿದ ಛಾದಲ್ಲಿ ರೊಟ್ಟಿಯ ಚೂರು ಅದ್ದಿ ನುಂಗುತ್ತಿದ್ದಾಳೆ. ಹಲ್ಲಿಲ್ಲದವರಿಗೆ ಅದೇ ಊಟ. ಬೈದು ಕೂಡಿಸಿದವರು ಯಾರೂ ಇರಲಿಲ್ಲ. ಪ್ರೀತಿಯಿಂದಲೇ ಕೂಡಿಸಿದ್ದರು. ಮೈಸೂರು ರಾಜ್ಯ ಆದ ವರ್ಷದ ದೀಪಾವಳಿಗೇ ಮಚ್ಛೇಂದ್ರ ಎಣ್ಣೆ ಎಂಜಿನ್ನಿನ ಗಿರಣಿ ತಂದ. ಮೈಸೂರು ಬಂತು, ಗಿರಣಿ ಬಂತು, ಎಂದು ಊರವರು ಈಗಲೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಸೊಸೆಯಂದಿರಿಗೆ ಬೆಳಗಿನ ಜಾವದ ಬೀಸುವ ಕೆಲಸ ತಪ್ಪಿತು. ಅದು ಒಳ್ಳೆಯದೇ ಆಯಿತು. ಅವ್ವ ಇಷ್ಟು ವರ್ಷ ಬೀಸಿದ್ದು ಸಾಕು, ಇನ್ನು ಕೂತು ತಿನ್ನಲಿ ಎಂದರು ಮಕ್ಕಳು. ತಾಯಿಯನ್ನು ಕೂಡಿಸಿ ಸಾಕುವುದು ಮಗನ ಮರ್ಯಾದೆ. ಮುದುಕಿಯರು ಕೂತರು. ಕೂತಲ್ಲೇ ಭುಜ ಬಿಗಿಯಿತು, ಮಂಡಿ ಹಿಡಿಯಿತು.

ಶೇವಂತಾಬಾಯಿ ಮೊದಲು ಮಾಡಿಸಿದ್ದು ಶಾಲೆಯ ಡ್ರಿಲ್. ಮುದುಕಿಯರನ್ನು ಸಾಲಾಗಿ ನಿಲ್ಲಿಸಿ ಎರಡೂ ಕೈ ಮೇಲೆ ಎತ್ತಿಸಿದರು, ಇಳಿಸಿದರು, ಮತ್ತೆ ಎತ್ತಿಸಿದರು. ಔರಾದದ ದಾರಿಯಲ್ಲಿ ಹೊರಟಿದ್ದ ಬಂಡಿಯೊಂದು ಇದನ್ನು ಕಂಡು ನಿಂತಿತು. ನಸುಕಿನಲ್ಲಿ ಇಷ್ಟು ಜನ ಹೆಂಗಸರು ಕೈ ಎತ್ತಿ ನಿಂತಿದ್ದಾರೆಂದರೆ ಯಾರೋ ತೀರಿಕೊಂಡಿರಬೇಕು ಎಂದುಕೊಂಡ ಬಂಡಿಯವನು ರುಮಾಲು ತೆಗೆದು ಹತ್ತಿರ ಬಂದು, ಯಾರು ಹೋದರೆಂದು ಮೆಲ್ಲಗೆ ಕೇಳಿದ. ಉತ್ತರ ಕೊಟ್ಟವರು ಶಾಲುಬಾಯಿ: "ಇನ್ನಾ ಯಾರೂ ಹೋಗಿಲ್ಲಪ್ಪ. ಸ್ವಲ್ಪ ಕೂಡು, ಈ ಬಾಯಿ ಇವತ್ತ ಯಾರನ್ನರ ಕಳಿಸ್ತಾಳ."

ಡ್ರಿಲ್ ಅಂದಿಗೇ ಮುಗಿಯಿತು. ಮನೆಗೆ ಮರಳುವಾಗ ಶಾಲುಬಾಯಿ ತಮ್ಮ ಬಲಭುಜ ನೀವಿಕೊಳ್ಳುತ್ತ, ಬೀಸುತ್ತಿದ್ದಾಗ ಈ ಕೈ ಹೀಗಿರಲಿಲ್ಲ ಎಂದದ್ದನ್ನು ಶೇವಂತಾಬಾಯಿ ಕೇಳಿಸಿಕೊಂಡರು. ರಾತ್ರಿ ಗಂಡನಿಗೆ ಹೇಳಿದರು. ಮರುದಿನ ಶಾಲುಬಾಯಿಯ ಹಿತ್ತಲಲ್ಲಿ ಕೋಳಿಗಳು ಏರಿ ಕೂಡುತ್ತಿದ್ದ ಬೀಸುಕಲ್ಲನ್ನು ಏಕನಾಥರು ಇನ್ನಿಬ್ಬರನ್ನು ಕರೆದುಕೊಂಡು ಕಟ್ಟೆಗೆ ಉರುಳಿಸಿ ತಂದರು. ಅದನ್ನು ನೋಡಿ ಇನ್ನೂ ಮೂರು ಕಲ್ಲು ಬಂದವು. ತಂತಮ್ಮ ಮನೆಯ ಜೋಳ, ತಂತಮ್ಮ ಕಲ್ಲು. ಬೀಸಿ ಮುಗಿಸಿದ ಮೇಲೆ ಬೇವಿನ ಬೊಡ್ಡೆಗೆ ಬೆರಳು ಊರಿ ಒಂದೊಂದೇ ಬೆರಳನ್ನು ಮೇಲಕ್ಕೆ ನಡೆಸಬೇಕು. ಅದಕ್ಕೆ ಮುದುಕಿಯರು ಇರುವೆ ಹತ್ತಿಸುವುದು ಎಂದು ಹೆಸರಿಟ್ಟರು. ಬೇಸಿಗೆ ಮುಗಿಯುವ ಹೊತ್ತಿಗೆ ಶಾಲುಬಾಯಿಯ ಇರುವೆ ಗಲ್ಲದ ಎತ್ತರ ದಾಟಿತ್ತು.

ಆಗ ಗಿರಣಿಯಲ್ಲಿ ಮಾತು ಶುರುವಾಯಿತು. ಹಿಟ್ಟಿಗೆ ಬಂದವರು ಮಚ್ಛೇಂದ್ರನನ್ನು ಕೆಣಕತೊಡಗಿದರು. ನಿನ್ನ ಗಿರಣಿಯ ಹಿಟ್ಟು ನಿಮ್ಮವ್ವನಿಗೇ ಸೇರುವುದಿಲ್ಲವೇನು ಎಂದು ಒಬ್ಬ ಕೇಳಿದ. ಹೆಂಡತಿ ಅವ್ವನ ಕೈಲಿ ಬೀಸಿಸುತ್ತಾಳಂತಲ್ಲ ಎಂದು ಇನ್ನೊಬ್ಬ. ಮಚ್ಛೇಂದ್ರ ಕೆಟ್ಟವನಲ್ಲ. ಆದರೆ ಆ ಎಂಜಿನ್ನು ಅವನ ಅನ್ನ, ತಾಯಿ ಅವನ ಮಾನ. ಆಷಾಢದಲ್ಲಿ ಒಂದು ದಿನ ಬಂಡಿ ಹೂಡಿಕೊಂಡು ಬಂದ. ಕಲ್ಲನ್ನು ಹೇರಿದ, ತಾಯಿಯನ್ನೂ ಕೂಡಿಸಿಕೊಂಡ, ಯಾರ ಮುಖವನ್ನೂ ನೋಡದೆ ಹೋದ. ಉಳಿದ ಮೂರು ಮನೆಗಳ ಗಂಡುಮಕ್ಕಳೂ ಕಲ್ಲು ಒಯ್ದರು.

ಮಳೆಗಾಲವೆಲ್ಲ ಕಟ್ಟೆ ಬರಿದು. ಶಾಲುಬಾಯಿಯ ಕೈ ಮತ್ತೆ ಎದೆಯ ಮಟ್ಟಕ್ಕೆ ಇಳಿಯಿತು. ಬೆಳಿಗ್ಗೆ ಹೊಲಕ್ಕೆ ಹೋಗುವ ಮುಂಚೆ ಸೊಸೆ ಅತ್ತೆಯ ತಲೆ ಬಾಚಿ ತುರುಬು ಕಟ್ಟುತ್ತಿದ್ದಳು. ಕಳೆ ಕೀಳುವ ದಿನಗಳಲ್ಲಿ ಆಕೆಗೆ ಬಿಡುವಾಗದಿದ್ದರೆ ಶಾಲುಬಾಯಿ ಬಿಚ್ಚಿದ ಕೂದಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸಂಜೆಯ ತನಕ ಒಳಗೇ ಉಳಿಯುತ್ತಿದ್ದರು. "ಸೊಸಿ ಛಲೋದಾಕಿ," ಎನ್ನುತ್ತಾರೆ ಅವರು. "ಖರೆ, ತಲಿ ಒಬ್ಬರ ಕೈಯಾಗ ಕೊಟ್ಟು ಕೂಡೋದಂದ್ರ, ನಾನೇನ್ ಕೂಸೇನ್ರಿ?"

ಶೇವಂತಾಬಾಯಿ ಔರಾದಕ್ಕೆ ಹೋಗಿ ಬ್ಲಾಕಿನ ಸಾಹೇಬರಿಗೆ ದೂರು ಹೇಳಬಹುದಿತ್ತು. ಹಾಗೆ ಮಾಡಿದ್ದರೆ ಕಲ್ಲು ಬರುತ್ತಿತ್ತು, ಮುದುಕಿ ಬರುತ್ತಿರಲಿಲ್ಲ. ಅದು ಅವರಿಗೆ ಗೊತ್ತಿತ್ತು. ಶ್ರಾವಣ ಕಳೆಯುವ ತನಕ ಸುಮ್ಮನಿದ್ದರು. ಆಮೇಲೆ ಒಂದು ಸಂತೆಯ ದಿನ, ಗಿರಣಿಯ ಮುಂದೆ ಸಾಲು ಬಾಗಿಲಾಚೆಗೂ ನಿಂತಿದ್ದಾಗ, ಒಂದು ಸೇರು ಹುರಿದ ಕಡಲೆ ಕಟ್ಟಿಕೊಂಡು ಹೋಗಿ ಸಾಲಿನಲ್ಲಿ ನಿಂತರು. ಹಲ್ಲಿಲ್ಲದ ಮುದುಕಿಯರಿಗೆ ಛಾ ರೊಟ್ಟಿಯ ಬದಲು ಹುರಿದ ಕಡಲೆಯ ಹಿಟ್ಟಿಗೆ ಬೆಲ್ಲ, ಮಜ್ಜಿಗೆ ಕಲಸಿ ಕೊಡಿಸಬೇಕೆಂಬುದು ಅವರ ಬಹುದಿನದ ಯೋಚನೆ.

ಸರದಿ ಬಂದಾಗ ಮಚ್ಛೇಂದ್ರ ಗಂಟು ಮೂಸಿ ನೋಡಿ ತಿರುಗಿ ಕೊಟ್ಟ.

"ಹುರಿದಿದ್ದು ಹಾಕಂಗಿಲ್ಲ ಬಾಯಿ. ವಾಸನಿ ಗಿರಣಿ ಕಲ್ಲಿಗಿ ಹತ್ತತದ. ಹಿಂದಿನವರ ಜ್ವಾಳದ ಹಿಟ್ಟು ಕೆಡ್ತದ."

"ಮತ್ತ ಇದನ್ನ ಎಲ್ಲಿ ಬೀಸಲಿ ದಾದಾ?"

"ಮನ್ಯಾಗ ಬೀಸಕಲ್ಲಿನ್ಯಾಗ ಬೀಸರಿ. ಇಂಥಾದ್ಕ ಅದೇ ಛಲೋ."

"ನನ್ನ ಹಂತ್ಯಾಕ ಕಲ್ಲಿಲ್ಲ. ನಿಮ್ಮ ಹಿತ್ತಲದಾಗ ಒಂದು ಅದ ಅಂತ ಕೇಳೇನಿ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಜೋಳದ ಬುಟ್ಟಿ ಹಿಡಿದು ನಿಂತಿದ್ದ ಮರಿಯಮಬೀ ಅಲ್ಲಿಂದಲೇ ಮಾತು ಸೇರಿಸಿದರು: "ಬರೇ ಕಲ್ಲು ಕೊಟ್ರ ತಾನೇ ತಿರಗತದೇನು ಬೇಟಾ? ತಿರಗಸೋ ಆಕಿನ್ನೂ ಕಳಸು."

ಎಂಜಿನ್ನಿನ ಸದ್ದನ್ನೂ ಮೀರಿ ನಗು ಎದ್ದಿತು. ಮಚ್ಛೇಂದ್ರ ಮೊದಲು ಕೆಂಪಾದ, ಆಮೇಲೆ ಅವನಿಗೂ ನಗು ತಡೆಯಲಿಲ್ಲ. ಬೀಸುಕಲ್ಲೇ ಛಲೋ ಎಂದು ಸಾಲಿನವರೆಲ್ಲ ಕೇಳುವಂತೆ ಅವನೇ ಹೇಳಿದ್ದ. ನಗು ನಿಂತ ಮೇಲೆ ಶೇವಂತಾಬಾಯಿ ಒಪ್ಪಂದವನ್ನು ಮುಂದಿಟ್ಟರು. ಜೋಳ, ಗೋಧಿ ಗಿರಣಿಗೆ. ಗಿರಣಿ ಒಲ್ಲೆನೆಂದದ್ದು ಬೇವಿನ ಕಟ್ಟೆಗೆ. ಹುರಿದ ಕಡಲೆ, ಹುರಿದ ಹೆಸರು, ಒಡೆಯುವ ತೊಗರಿ, ಕೂಸಿಗೆ ಬೇಕಾಗುವ ಒಂದು ಹಿಡಿ ಹಿಟ್ಟು ಎಲ್ಲ ಅಲ್ಲಿಗೆ. ಮಚ್ಛೇಂದ್ರ ಮುಂದಿನವರ ಬುಟ್ಟಿಗೆ ಕೈ ಚಾಚಿದ. ಮರುದಿನ ಬೆಳಗಿನ ಮಬ್ಬಿನಲ್ಲಿ ಅವನ ಬಂಡಿ ಕಟ್ಟೆಗೆ ಬಂತು. ಬಂಡಿಯಲ್ಲಿ ಕಲ್ಲಿತ್ತು, ಕಲ್ಲಿನ ಪಕ್ಕ ಅವ್ವ ಕೂತಿದ್ದರು.

ಉಳಿದ ಮೂರು ಕಲ್ಲುಗಳೂ ಹಿಂದೆಯೇ ಬಂದವು. ಈಗ ಹುರಿದ ಕಾಳು ತಂದವರನ್ನು ಗಿರಣಿಯವನೇ ಕಟ್ಟೆಗೆ ಕಳಿಸುತ್ತಾನೆ. ಮುದುಕಿಯರು ಅವರವರ ಪಾಲಿನ ಹಿಟ್ಟನ್ನು ಬೀಸಿ ಕೊಟ್ಟು, ತಮ್ಮದನ್ನು ಮಜ್ಜಿಗೆಯಲ್ಲಿ ಕಲಸಿ ಅಲ್ಲೇ ಕುಡಿದು ಮನೆಗೆ ನಡೆಯುತ್ತಾರೆ. ಛಾ ಪೂರಾ ಬಿಟ್ಟವರು ಯಾರೂ ಇಲ್ಲ. ಶೇವಂತಾಬಾಯಿ ಅದನ್ನು ಕೇಳುವುದೂ ಇಲ್ಲ. ಮಂಡಿ ನೋವಿನವರನ್ನು ಕಲ್ಲಿಗೆ ಕೂಡಿಸದೆ ಕಾಳು ಹಸನು ಮಾಡಿಸುತ್ತಾರೆ, ಊರಬಾವಿಯ ತನಕ ನಡೆಸಿಕೊಂಡು ಬರುತ್ತಾರೆ. ಪಕ್ಕದ ಹಳ್ಳಿಯಿಂದ ಇಬ್ಬರು ಮುದುಕಿಯರು ಬಂದು ನೋಡಿ ಹೋಗಿದ್ದಾರೆ.

ಬೀಸುವುದು ಮುಗಿದಿದೆ. ಶಾಲುಬಾಯಿ ಎದ್ದು ಬೇವಿನ ಬೊಡ್ಡೆಗೆ ಬೆರಳು ಊರುತ್ತಾರೆ. ಇರುವೆ ಹತ್ತುತ್ತದೆ. ಗಲ್ಲ, ಕಿವಿ, ಕಿವಿಯ ಮೇಲೆ. ಅಲ್ಲಿ ತಡೆಯುತ್ತದೆ. ಅವರು ಹಲ್ಲು ಕಚ್ಚಿ ಇನ್ನೊಂದು ಬೆರಳು ಮೇಲೆ ಇಡುತ್ತಾರೆ, ಮತ್ತೊಂದು. ಉಸಿರು ಬಿಟ್ಟು ಕೈ ಇಳಿಸುತ್ತಾರೆ. ಹೊರಡಬಹುದಿತ್ತು. ಹೊರಡದೆ, ಸೊಸೆ ಕಟ್ಟಿದ ತುರುಬನ್ನು ಎಡಗೈಯಿಂದ ಎಳೆದು ಬಿಚ್ಚುತ್ತಾರೆ. ಬಿಳಿಕೂದಲು ಬೆನ್ನಿಗೆ ಬೀಳುತ್ತದೆ.

ಮರಿಯಮಬೀ ಖಾಲಿ ಕಲ್ಲಿನ ಗೂಟ ಹಿಡಿದು ಸುಮ್ಮನೆ ತಿರುಗಿಸತೊಡಗುತ್ತಾರೆ, ನೋಡುತ್ತಿಲ್ಲವೆಂದು ತೋರಿಸಲು. ಶೇವಂತಾಬಾಯಿ ಒಂದು ಹೆಜ್ಜೆ ಮುಂದೆ ಇಟ್ಟು ನಿಲ್ಲುತ್ತಾರೆ. ಶಾಲುಬಾಯಿಯ ಬಲಗೈ ಕಿವಿ ದಾಟುತ್ತದೆ, ಹಿಂದೆ ಹೋಗುತ್ತದೆ, ಎಡಗೈಯನ್ನು ಮುಟ್ಟುತ್ತದೆ. ಒಂದು ಸುತ್ತು ಸುತ್ತಿದ ಕೂದಲು ಜಾರಿ ಬೀಳುತ್ತದೆ. ಮತ್ತೆ ಸುತ್ತುತ್ತಾರೆ. ಈ ಸಲ ನಿಲ್ಲುತ್ತದೆ.

ಗಿರಣಿಗೆ ಹೊರಟು ಕೀಲಿಕೈ ಹಿಡಿದು ಚಾವಡಿಯ ಮೂಲೆಗೆ ಬಂದ ಮಚ್ಛೇಂದ್ರ ಅಲ್ಲೇ ನಿಂತಿದ್ದಾನೆ. ಶಾಲುಬಾಯಿ ಮಜ್ಜಿಗೆ ಹಿಟ್ಟು ಕಲಸಿದ ತಮ್ಮ ಲೋಟವನ್ನು ಎತ್ತಿ, ತಾವು ಕುಡಿಯದೆ ಶೇವಂತಾಬಾಯಿಯತ್ತ ಚಾಚುತ್ತಾರೆ. "ಕುಡಿ. ನಿಂತು ನಿಂತು ನಿನ್ನ ಕಾಲು ಹಿಡಿದ್ರ ನಮ್ಮನ್ನ ಬೈಯೋರು ಯಾರು?"

ಶೇವಂತಾಬಾಯಿ ಲೋಟ ತೆಗೆದುಕೊಂಡು ನಿಂತಲ್ಲೇ ಕುಡಿಯುತ್ತಾರೆ. ಅಂದು ಗಿರಣಿ ತಡವಾಗಿ ಶುರುವಾಗುತ್ತದೆ.

ಮುಂದೆ ಏನು ಬೇಕೆಂದು ಕೇಳಿದರೆ ಶೇವಂತಾಬಾಯಿ ದೊಡ್ಡದೇನನ್ನೂ ಕೇಳುವುದಿಲ್ಲ. ಮಳೆಗಾಲದಲ್ಲಿ ಬೀಸುವುದು ನಿಲ್ಲದಂತೆ ಕಟ್ಟೆಯ ಮೇಲೆ ನಾಲ್ಕು ತಗಡು ಹೊದಿಸಿದರೆ ಸಾಕು ಎನ್ನುತ್ತಾರೆ. ಹೇಳುತ್ತಲೇ ಅವರ ಕಣ್ಣು ಮನೆಯ ದಾರಿ ಹಿಡಿದ ಶಾಲುಬಾಯಿಯ ಕಡೆಗೆ ಹೋಗುತ್ತದೆ. ಇಂದು ಶಾಲುಬಾಯಿ ತಲೆಯ ಮೇಲೆ ಸೆರಗು ಹೊದ್ದಿಲ್ಲ.

"ತುರುಬು ಸೊಟ್ಟ ಆಗ್ಯಾದ ನೋಡ್ರಿ," ಎನ್ನುತ್ತಾರೆ ಶೇವಂತಾಬಾಯಿ. "ಇರ್ಲಿ. ಆಯಿ ತನ್ನ ಕೈಲೇ ಕಟ್ಟಿಕೊಂಡಿದ್ದು."